ನರಸಮ್ಮ ಒಪ್ಪದ ಹೊಟ್ಟೆನೋವು

ವರಲಕ್ಷ್ಮಮ್ಮ ಬಂದಾಗ ನರಸಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಬಂದವಳು ತನ್ನ ಸತ್ತ ಮಗಳ ಅತ್ತೆ ಅಂತ ದನಿಯಿಂದಲೇ ತಿಳಿಯಿತು. ನಾಲ್ಕು ವರ್ಷದಿಂದ ಆ ದನಿ ಈ ಬಾಗಿಲಿಗೆ ಬಂದಿರಲಿಲ್ಲ. ನರಸಮ್ಮ ತಿರುಗಿ ನೋಡಲಿಲ್ಲ. ಮಂಕರಿ ತುಂಬುವ ತನಕ ಬಾಚಿದಳು, ತಿಪ್ಪೆಗೆ ಸುರಿದು ಬಂದಳು, ತೊಟ್ಟಿಯ ನೀರಲ್ಲಿ ಮೊಣಕೈ ತನಕ ತೊಳೆದುಕೊಂಡಳು, ಆಮೇಲೆ ಸೆರಗಿಗೆ ಕೈ ಒರೆಸುತ್ತ ಜಗಲಿಗೆ ಬಂದು ಕೂತಳು. ಅಷ್ಟು ಹೊತ್ತೂ ವರಲಕ್ಷ್ಮಮ್ಮ ಎಲೆ ಅಡಿಕೆ ಬಾಳೆಹಣ್ಣಿನ ತಟ್ಟೆ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದಳು.

ಬಂದ ಕೆಲಸ ಇಷ್ಟು. ಅವಳ ಮಗ ನಾಗೇಶನಿಗೆ ಎರಡನೇ ಹೆಣ್ಣು ಗೊತ್ತಾಗಿತ್ತು. ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಕವಿತ. ತಂದೆ ಇಲ್ಲ, ತಾಯಿ ಮುನಿಲಕ್ಷ್ಮಿ ಇಟ್ಟಿಗೆ ಗೂಡಿನಲ್ಲಿ ದುಡಿದು ಸಾಕಿದ್ದಾಳೆ. ಬರುವ ಶುಕ್ರವಾರ ಹೆಣ್ಣಿನ ಮನೆಯಲ್ಲೇ ಲಗ್ನಪತ್ರಿಕೆ ಬರೆಸುವುದು. ಅದಕ್ಕೆ ಮೊದಲು ಸವತಮ್ಮನ ಪೂಜೆ ಆಗಬೇಕು.

ಈ ಕಡೆಯ ಮನೆಗಳಲ್ಲಿ ಆ ಶಾಸ್ತ್ರವನ್ನು ಯಾರೂ ಬಿಡುವುದಿಲ್ಲ. ಮೊದಲ ಹೆಂಡತಿ ಸತ್ತಿದ್ದರೆ ಅವಳ ಹೆಸರಿನಲ್ಲಿ ಕಳಶ ಇಟ್ಟು, ಅವಳ ಹೆತ್ತ ತಾಯಿಯನ್ನು ಕರೆದು, ಆ ತಾಯಿಯ ಕೈಯಿಂದಲೇ ಹೊಸ ಹೆಣ್ಣಿಗೆ ಸೀರೆ ಇಡಿಸಿ ಮಡಿಲು ತುಂಬಿಸಬೇಕು. ಅಲ್ಲಿಂದಾಚೆ ಹೊಸಬಳು ಆ ತಾಯಿಗೆ ಮಗಳು. ಹಬ್ಬಕ್ಕೆ, ಬಾಣಂತನಕ್ಕೆ ಅದೇ ಅವಳ ತೌರು. ಹೀಗೆ ಮಾಡದೆ ತಾಳಿ ಕಟ್ಟಿದರೆ ಸತ್ತವಳು ಆ ಮನೆಯಲ್ಲಿ ತೊಟ್ಟಿಲು ತೂಗಲು ಬಿಡುವುದಿಲ್ಲ ಅಂತ ನಂಬಿಕೆ. ಸತ್ತವಳು ತನ್ನ ಜೀವ ತಾನೇ ತೆಗೆದುಕೊಂಡವಳಾದರೆ ಆ ಭಯ ಎರಡು ಪಟ್ಟು.

"ಆಗಿದ್ದು ಆಗೋಯ್ತು ಬೀಗಿತಿ," ಅಂದಳು ವರಲಕ್ಷ್ಮಮ್ಮ. "ನೀವು ಬಂದು ಒಂದು ಸೀರೆ ಇಟ್ರೆ ಆ ಮಗೀನ ಜೀವಾನೂ ತಣ್ಣಗಿರ್ತದೆ."

"ಯಾವ ಮಗೀನ ಜೀವ?"

ವರಲಕ್ಷ್ಮಮ್ಮ ತಟ್ಟೆಯನ್ನು ಜಗಲಿಯ ಮೇಲಿಟ್ಟಳು. "ಅಂಬಿಕಂದು," ಅಂದಳು.

ನರಸಮ್ಮ ತಟ್ಟೆಯಿಂದ ಒಂದು ಎಲೆ ತೆಗೆದು, ತೊಟ್ಟು ಮುರಿದು, ನಿಧಾನವಾಗಿ ಬೆನ್ನು ಸವರಿದಳು. "ಲಗ್ನಪತ್ರಿಕೆ ಬರೆಯೋಕೆ ಯಾರು ಬತ್ತಾರೆ?"

"ಇನ್ಯಾರು, ಕೋದಂಡಪ್ಪಯ್ಯನೇ."

"ಅಂಗಾದ್ರೆ ಬತ್ತೀನಿ. ಸೀರೆ ನಾನೇ ತತ್ತೀನಿ. ಓಗಿ ಬಾ."

ಸಂಜೆ ಗಂಡ ಸೀನಪ್ಪ ಹಾಲು ಕರೆದುಕೊಂಡು ಬಂದಾಗ ವಿಷಯ ಕೇಳಿ ಕ್ಯಾನು ಕೆಳಗಿಡುವುದನ್ನೇ ಮರೆತ. ನಿಜವಾಗಿ ಹೋಗುತ್ತೀಯಾ ಅಂತ ಕೇಳಿದ. ಕರೆದಿದ್ದಾರೆ, ಹೋಗದಿದ್ದರೆ ಹೇಗೆ ಅಂದಳು ನರಸಮ್ಮ, ಅಂದು ನಕ್ಕಳು. ನಾಲ್ಕು ವರ್ಷದಲ್ಲಿ ಅವಳ ಹಲ್ಲು ಕಂಡದ್ದು ಅದೇ ಮೊದಲು. ಸೀನಪ್ಪನಿಗೆ ಯಾಕೋ ಭಯವಾಯಿತು.

ನರಸಮ್ಮ ಮೊಸರು ಮಾರುವವಳು. ಅವಳ ಊರು ಬಂಡೆಕೊತ್ತೂರು ಬಂಗಾರಪೇಟೆಯಿಂದ ಕಾಮಸಮುದ್ರದ ದಾರಿಯಲ್ಲಿ ಸ್ವಲ್ಪ ಒಳಗಿದೆ. ಎರಡು ಹಸು. ಬೆಳಗಿನ ಹಾಲು ಡೈರಿಗೆ, ಸಂಜೆಯ ಹಾಲಿನಲ್ಲಿ ಹೆಪ್ಪು ಹಾಕಿದ್ದು ಮಾರಾಟಕ್ಕೆ. ಮೂವತ್ತು ವರ್ಷದಿಂದ ಮೊಸರಿನ ಕ್ಯಾನು ಹೊತ್ತು ಬಂಗಾರಪೇಟೆಯ ಬೀದಿ ಸುತ್ತಿ, ವಾರಕ್ಕೆ ಎರಡು ದಿನ ರೈಲು ಹತ್ತಿ ಉರಿಗಾಂ, ಚಾಂಪಿಯನ್ ರೀಫ್ಸ್ ತನಕ ಹೋಗಿ ಬರುತ್ತಾಳೆ. ಕನ್ನಡದ ಮನೆಯಲ್ಲಿ ಕನ್ನಡ, ತೆಲುಗಿನ ಮನೆಯಲ್ಲಿ ತೆಲುಗು, ಗಣಿಯವರ ಲೈನ್ ಮನೆಗಳಲ್ಲಿ ಅವರ ತಮಿಳು. ಮೂರರಲ್ಲೂ ಅವಳು ಆಡುವುದು ಕಡಿಮೆ. ಮೊಸರು ಅಳೆಯುವಷ್ಟು ಹೊತ್ತಿನಲ್ಲಿ ಹೆಂಗಸರು ಅತ್ತೆಯ ಮೇಲೆ, ಗಂಡನ ಮೇಲೆ, ಮೈನೋವಿನ ಮೇಲೆ ಹೇಳಿಕೊಳ್ಳುತ್ತಿದ್ದರು. ಅವಳು ಹೂಂಗುಟ್ಟಿ, ಒಂದು ಸೌಟು ಕೊಸರು ಹಾಕಿ, ಮುಂದಿನ ಮನೆಗೆ ಹೋಗುತ್ತಿದ್ದಳು. ಊರವರ ಮನೆಯ ಮಾತೆಲ್ಲ ಕೇಳಿದವಳಿಗೆ ತನ್ನ ಮಗಳದು ಮಾತ್ರ ಕೇಳಿಸದೆ ಹೋಯಿತು.

ಅಂಬಿಕ ಮದುವೆಯಾಗಿ ಎಂಟು ವರ್ಷ ನಾಗೇಶನ ಮನೆಯಲ್ಲಿ ಬಾಳಿದಳು. ಅವನು ಬಂಗಾರಪೇಟೆಯಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ಮಕ್ಕಳಾಗಲಿಲ್ಲ. ಅವಳು ದಿನಾ ಬೆಳಗಿನ ರೈಲಿಗೆ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದಳು. ಮೊದಮೊದಲು ನಾಗೇಶ ಅವಳನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬರುತ್ತಾನೆ ಅಂತ ಜೊತೆಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟಿದ್ದರಂತೆ. ಆಮೇಲೆ ಗೊತ್ತಾಯಿತು, ಅವನು ಬರುವುದು ಕರೆದೊಯ್ಯಲು ಅಲ್ಲ, ಯಾವ ಡಬ್ಬಿಯಿಂದ ಯಾರ ಹಿಂದೆ ಇಳಿಯುತ್ತಾಳೆ ಅಂತ ನೋಡಲು. ಫೋನು ಕಿತ್ತುಕೊಂಡ. ಆಮೇಲೆ ಬ್ಯಾಗು ನೋಡತೊಡಗಿದ.

ಒಂದು ಶುಕ್ರವಾರ ಕಾರ್ಖಾನೆಯಲ್ಲಿ ಓವರ್‌ಟೈಮ್ ಹಿಡಿಸಿ, ಹೆಂಗಸರೆಲ್ಲ ಮುಂದಿನ ರೈಲಿಗೆ ಬಂದರು. ಯಾರೋ ಏನೋ ತಮಾಷೆ ಮಾಡಿದ್ದಕ್ಕೆ ಅಂಬಿಕ ನಗುತ್ತ ಇಳಿದಳು. ನಾಗೇಶ ಅವಳ ಕೆನ್ನೆಗೆ ಹೊಡೆದು, ಬ್ಯಾಗು ಕಿತ್ತು ಪ್ಲಾಟ್‌ಫಾರಂ ಮೇಲೆ ಬೋರಲು ಹಾಕಿದ. ಊಟದ ಡಬ್ಬಿ ಉರುಳಿತು, ಬಾಚಣಿಗೆ, ತಿಂಗಳ ಬಟ್ಟೆ, ಮಾತ್ರೆ, ಎಲ್ಲವೂ ಎಲ್ಲರ ಕಾಲ ಕೆಳಗೆ. ಅವನು ಕಾಲಲ್ಲೇ ಕೆದಕಿ ನೋಡಿದ. ಜೊತೆಯಲ್ಲಿದ್ದ ಸುಮಲತ ಎಂಬವಳು ಕೂತು ಒಂದೊಂದೇ ಹೆಕ್ಕಿ ಬ್ಯಾಗಿಗೆ ತುಂಬಿಕೊಟ್ಟಳು. ಅಂಬಿಕ ತಲೆ ಎತ್ತಲಿಲ್ಲ. "ನಾಳೆಯಿಂದ ಬರಲ್ಲ ಕಣೆ," ಅಂದಳಂತೆ, ಅಷ್ಟೇ.

ಭಾನುವಾರ ಅವಳು ತಾಯಿಯ ಮನೆಗೆ ಬಂದು ಹೋಗಿದ್ದಳು. ಮಂಗಳವಾರ ಬೆಳಗ್ಗೆ ಅವಳು ಇರಲಿಲ್ಲ.

ಈ ಪ್ಲಾಟ್‌ಫಾರಂ ಸಂಗತಿ ನರಸಮ್ಮನಿಗೆ ತಿಳಿದದ್ದು ಮೂರನೇ ದಿನ, ಹಾಲುತುಪ್ಪ ಬಿಟ್ಟು ಬಂದ ಮೇಲೆ, ಸುಮಲತ ಬಂದು ಜಗಲಿಯ ಮೇಲೆ ಕೂತು ಅತ್ತಾಗ. ಅಷ್ಟರಲ್ಲಿ ಪೊಲೀಸರ ಕಾಗದದ ಕೆಲಸ ಮುಗಿದಿತ್ತು. ಮಗಳು ಸತ್ತ ದಿನ ಆಸ್ಪತ್ರೆಯ ಗೇಟಿನ ಹತ್ತಿರ ನರಸಮ್ಮ ನೆಲ ಹಿಡಿದು ಕೂತಿದ್ದಾಗ ಯಾರೋ ಅವಳ ಕೈ ಹಿಡಿದು ಹೆಬ್ಬೆಟ್ಟಿಗೆ ಶಾಯಿ ಸವರಿದ್ದರು. ಹೆಣ ಬಿಡಿಸಿಕೊಳ್ಳುವ ಕಾಗದ ಅಂದರು. ಒತ್ತಿದಳು. ತಿಂಗಳಾದ ಮೇಲೆ ಅದರ ನಕಲನ್ನು ಡೈರಿಯ ಸೆಕ್ರೆಟರಿಯಿಂದ ಓದಿಸಿದಳು. ಅವನು ಗಂಟಲು ಸರಿಮಾಡಿಕೊಂಡು ಓದಿದ: ನನ್ನ ಮಗಳು ಬಹಳ ದಿನಗಳಿಂದ ಹೊಟ್ಟೆನೋವಿನಿಂದ ನರಳುತ್ತಿದ್ದು, ಎಷ್ಟು ಚಿಕಿತ್ಸೆ ಕೊಡಿಸಿದರೂ ವಾಸಿಯಾಗದೆ, ನೋವು ತಾಳಲಾರದೆ ಜೀವನದಲ್ಲಿ ಜಿಗುಪ್ಸೆಗೊಂಡು ಪ್ರಾಣ ಕಳೆದುಕೊಂಡಿರುತ್ತಾಳೆ. ಸದರಿಯವಳ ಸಾವಿನಲ್ಲಿ ನನಗೆ ಯಾರ ಮೇಲೂ ಅನುಮಾನ ಇರುವುದಿಲ್ಲ.

"ಯಾರ ಒಟ್ಟೆ?" ಅಂದಳು ನರಸಮ್ಮ.

ಸೆಕ್ರೆಟರಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಓದಿಸಿದಳು. ನಾಲ್ಕನೇ ಸಲ ಓದುವಾಗ ಅವನು ನಿನಗೆ ಹುಚ್ಚಾ ಅಂದ. ಅವಳು ಕಾಗದ ಮಡಿಸಿ ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು, ಬೆಳಗಾಗುವುದನ್ನೇ ಕಾದು, ಬರೆದವನನ್ನು ಹುಡುಕಿಕೊಂಡು ಹೋದಳು.

ಕೋದಂಡಪ್ಪ ಬಂಗಾರಪೇಟೆಯ ತಾಲ್ಲೂಕು ಕಚೇರಿಯ ಎದುರು, ಹುಣಸೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಾನೆ. ಮೊದಲು ಗಣಿಯಲ್ಲಿ ಗುಮಾಸ್ತನಾಗಿದ್ದ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಜಮೀನಿನ ತಕರಾರು, ಪಿಂಚಣಿ, ಲಗ್ನಪತ್ರಿಕೆ, ಯಾವುದಾದರೂ ಅವನ ಕೈಯೇ ಆಗಬೇಕು. ಕೆಟ್ಟವನಲ್ಲ. ಸಾವಿನ ಕಾಗದಕ್ಕೆ ಅವನು ಒಂದು ಟೀ ಬಿಟ್ಟರೆ ಏನೂ ಮುಟ್ಟುವುದಿಲ್ಲ. ನರಸಮ್ಮ ನಿಂತು ಬೈದದ್ದನ್ನೆಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದ.

"ಅಮ್ಮ, ಕಾರಣ ಅಂತ ಒಂದು ಸಾಲು ಬರೀಬೇಕು. ಇದ್ದದ್ದು ಬರೆದರೆ ಸ್ಟೇಷನ್ನು, ಕೋರ್ಟು, ಹೆಣಕ್ಕೆ ನಾಲ್ಕು ದಿನ. ಹೊಟ್ಟೆನೋವು ಅಂದರೆ ಯಾರಿಗೂ ತೊಂದರೆಯಿಲ್ಲ. ಎಲ್ಲರಿಗೂ ಅದನ್ನೇ ಬರೆಯೋದು ನಾನು."

"ಎಲ್ಲರಿಗೂ ಅಂದ್ರೆ?"

"ಇಷ್ಟು ವರ್ಷದಲ್ಲಿ ಇನ್ನೂರಾದರೂ ಆಗಿರಬೇಕು."

ನರಸಮ್ಮ ಬೈಯುವುದನ್ನು ನಿಲ್ಲಿಸಿದಳು. ಮುದ್ದೆ, ಸೊಪ್ಪಿನ ಸಾರು ತಿಂದು ಕಲ್ಲು ಅರಗಿಸುವ ಜನ, ಇವರಲ್ಲಿ ಇನ್ನೂರು ಮಂದಿಗೆ ಸಾಯುವಷ್ಟು ಹೊಟ್ಟೆನೋವು. ಆ ಹೊತ್ತಿನಲ್ಲಿ ಅವಳಿಗೆ ತನ್ನ ಮಗಳು ಒಬ್ಬಳೇ ಅಲ್ಲ ಅನ್ನಿಸಿತು. ಸಮಾಧಾನ ಆಗಲಿಲ್ಲ, ಉರಿ ಇನ್ನೂರು ಪಟ್ಟಾಯಿತು. "ಯಾರ್ಯಾರು ಅಂತ ಏಳಿ ಸ್ವಾಮಿ," ಅಂದಳು. ಅವನು ನೆನಪಿದ್ದಷ್ಟು ಹೇಳಿದ. ಯಾಕೆ ಹೇಳಿದನೋ. ಬಹುಶಃ ಅವನಿಗೂ ಯಾರಿಗಾದರೂ ಹೇಳಬೇಕಾಗಿತ್ತು.

ಅಲ್ಲಿಂದ ಅವಳ ಮೊಸರಿನ ದಾರಿ ಬದಲಾಯಿತು. ಕೋದಂಡಪ್ಪ ಹೇಳಿದ ಮನೆಗಳಿಗೆ ಹೋಗಿ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ನನ್ನ ಮಗಳಿಗೂ ಹೊಟ್ಟೆನೋವು ಅಂತ ಬರೆದರು ಅನ್ನುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು. ಕೆಲವರು ಎದ್ದು ಹೋಗು ಅಂದರು. ಹೆಚ್ಚಿನವರು ಬಾಗಿಲು ಅರ್ಧ ಮುಚ್ಚಿ, ಪಕ್ಕದಲ್ಲಿ ಕೂತು, ಬಾಯಿ ಬಿಟ್ಟರು.

ಮುನಿಸ್ವಾಮಪ್ಪನಿಗೆ ಎಪ್ಪತ್ತೆಂಟು. ಇಬ್ಬರು ಗಂಡುಮಕ್ಕಳು ಒಂದೊಂದು ತಿಂಗಳು ಅನ್ನ ಹಾಕುವುದು ಅಂತ ಪಂಚಾಯಿತಿಯಾಗಿತ್ತು. ತಿಂಗಳಿಗೆ ಮೂವತ್ತು ದಿನ ಅಂತ ದೊಡ್ಡವನು. ನನ್ನ ಸರದಿ ಒಂದನೇ ತಾರೀಖಿಗೆ ಅಂತ ಚಿಕ್ಕವನು. ಹಾಗಾಗಿ ಮೂವತ್ತೊಂದನೇ ತಾರೀಖು ಮುದುಕ ಎರಡು ಮನೆಯ ನಡುವಿನ ಕಲ್ಲಿನ ಮೇಲೆ ಕೂತು, ಯಾರಾದರೂ ಕರೆಯುತ್ತಾರೇನೋ ಅಂತ ಎರಡು ಬಾಗಿಲು ನೋಡುತ್ತಿದ್ದ. ಯಾರಿಗೂ ತಾನು ಬೇಡದ ಆ ಒಂದು ದಿನ ಅವನನ್ನು ಉಳಿದ ಮೂವತ್ತು ದಿನವೂ ತಿನ್ನುತ್ತಿತ್ತು ಅಂತ ಪಕ್ಕದ ಮನೆಯವಳು ಹೇಳಿದಳು. ಒಂದು ಮೂವತ್ತೊಂದರಂದೇ ಅವನು ಹೋದ. ಹೊಟ್ಟೆನೋವು.

ರಾಧ ಹದಿನೇಳರ ಹುಡುಗಿ, ಪಿಯುಸಿ. ಅವಳ ಮಾರ್ಕ್ಸು ಓದಿ ಮೇಷ್ಟ್ರು ದಿನಾ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಹೋಗಿ ಬರುವ ಹುಡುಗರಿಗೆಲ್ಲ ಮುದ್ದೆ ಬಂತು ಮುದ್ದೆ ಅಂತ ತೋರಿಸುತ್ತಿದ್ದನಂತೆ. ಅವಳು ಸರಿಯಾಗಿ ಊಟ ಮಾಡದೆ ಎರಡು ತಿಂಗಳಾಗಿತ್ತು. ಪರೀಕ್ಷೆಯ ಭಯ, ಹೋಗುತ್ತೆ ಅಂತ ತಾಯಿ ತಿಳಿದಿದ್ದಳು. ಅವಳಿಗೂ ಹೊಟ್ಟೆನೋವು.

ನರಸಮ್ಮ ಇದನ್ನೆಲ್ಲ ಕೇಳಿ ಅತ್ತು ಬರುವವಳಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಸಾವಿಗೆ ಕಾರಣರಾದವರ ಬಾಗಿಲು. ಯಾರ ಬಾಗಿಲು ಅಂತ ತಿಳಿದ ಕೂಡಲೇ ಅಲ್ಲಿಗೆ ಹೋಗಿ, ಒಂದು ಚೊಂಬು ನೀರು ಕೇಳಿ, ಕುಡಿದು, ಚೊಂಬು ಕೈಗೆ ಕೊಡುವಾಗ ಹೇಳುತ್ತಿದ್ದಳು: "ನಿಮ್ಮಪ್ಪನಿಗೆ ಒಟ್ಟೆನೋವು ಇರ್ಲಿಲ್ಲ. ಅದನ್ನ ಏಳಿ ಓಗೋಣ ಅಂತ ಬಂದೆ." ಅಷ್ಟೇ. ಕೂಗಾಟವಿಲ್ಲ, ಮಣ್ಣು ತೂರುವುದಿಲ್ಲ. ಮುನಿಸ್ವಾಮಪ್ಪನ ಮಕ್ಕಳ ಮನೆಗೆ ವರ್ಷಕ್ಕೆ ಏಳು ಸಲ, ಪ್ರತಿ ಮೂವತ್ತೊಂದಕ್ಕೆ ತಪ್ಪದೆ. ಎರಡನೇ ವರ್ಷಕ್ಕೆ ದೊಡ್ಡ ಸೊಸೆ ಆ ದಿನ ಬಂತೆಂದರೆ ಬಾಗಿಲಿಗೆ ಬೀಗ ಹಾಕಿಕೊಂಡು ತೌರಿಗೆ ಹೋಗುತ್ತಿದ್ದಳು. ನರಸಮ್ಮ ಬೀಗಕ್ಕೇ ಹೇಳಿ ಬರುತ್ತಿದ್ದಳು. ಆ ಮೇಷ್ಟ್ರಂತೂ ಪಾಪ, ಅವಳ ಹತ್ತಿರ ಎರಡು ತಿಂಗಳು ಮೊಸರು ಕೊಂಡಿದ್ದ, ಗಟ್ಟಿಯಾಗಿದೆ ಅಂತ ಹೊಗಳಿಯೂ ಇದ್ದ. ಮೂರನೇ ತಿಂಗಳು ಅವಳು ರಾಧಳ ಹೆಸರೆತ್ತಿದಾಗ ಅವನ ಕೈಯಲ್ಲಿದ್ದ ಪಾತ್ರೆ ಓರೆಯಾಗಿ ಮೊಸರು ಅವನ ಕಾಲಿನ ಮೇಲೇ ಸುರಿಯಿತು. ಊರು ಬದಲಾಯಿಸಿಕೊಂಡು ಹೋದ ಅಂತ ಆಮೇಲೆ ಕೇಳಿಬಂತು. ನರಸಮ್ಮ ಆ ರಾತ್ರಿ ಎರಡು ಮುದ್ದೆ ಉಂಡಳು.

ಒಂದೇ ಒಂದು ಕಡೆ ಅವಳಿಗೆ ಬಾಗಿಲು ಸಿಗಲಿಲ್ಲ. ಚಾಂಪಿಯನ್ ರೀಫ್ಸ್‌ನ ಪೆರುಮಾಳ್ ಅರವತ್ತೊಂದರ ಮನುಷ್ಯ. ಗಣಿ ಮುಚ್ಚುವ ತನಕ ಕೆಳಗಿಳಿದು ದುಡಿದವನು. ಮುಚ್ಚಿದ ಮೇಲೆ ಬೆಂಗಳೂರಲ್ಲಿ ಯಾವುದೋ ಕಟ್ಟಡದ ಕಾವಲು. ಕೊನೆಗೆ ಉಸಿರು ಕಟ್ಟಿ ಅದೂ ಹೋಯಿತು. ಆರು ತಿಂಗಳು ನಿದ್ದೆಯಿಲ್ಲದೆ ಗೋಡೆಗೆ ಮುಖ ಮಾಡಿ ಕೂತಿದ್ದ ಅಂತ ಹೆಂಡತಿ ತಮಿಳಿನಲ್ಲಿ ಹೇಳಿಕೊಂಡು ಅತ್ತಳು. ಇದೂ ಒಂದು ಕಾಯಿಲೆ, ಇದಕ್ಕೂ ಡಾಕ್ಟರಿದ್ದಾರೆ, ಔಷಧಿಯಿದೆ, ಕೋಲಾರಕ್ಕೆ ಕರೆದುಕೊಂಡು ಹೋಗಿ ಅಂತ ಆಸ್ಪತ್ರೆಯ ನರ್ಸು ಹೇಳಿದ್ದಳಂತೆ. ಹುಚ್ಚ ಅಂತಾರೆ ಅಂತ ಹೆದರಿ ಯಾರೂ ಹೋಗಲಿಲ್ಲ. ನರಸಮ್ಮ ಎದ್ದು ಗಣಿಯ ಹಳೇ ಶಾಫ್ಟಿನ ತುಕ್ಕು ಹಿಡಿದ ಗೇಟಿನ ತನಕ ನಡೆದಳು. ನೀರು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಮುಳ್ಳುಗಿಡದಲ್ಲಿ ಮೇಕೆ ಮೇಯುತ್ತಿತ್ತು. ವಾಪಸ್ಸು ಬಂದು ಆ ಹೆಂಗಸಿನ ಪಕ್ಕ ರೈಲಿನ ಹೊತ್ತಿನ ತನಕ ಸುಮ್ಮನೆ ಕೂತಳು. ಏಳುವಾಗ, ನಿನಗೂ ನಿದ್ದೆ ಬರದಿದ್ದರೆ ನನ್ನ ಜೊತೆ ಬಾ, ಕೋಲಾರದ ಡಾಕ್ಟರಿಗೆ ತೋರಿಸೋಣ, ಹುಚ್ಚಿ ಅಂದವರಿಗೆ ನಾನು ಹೇಳಿಕೊಳ್ಳುತ್ತೇನೆ ಅಂದಳು. ಮುಂದಿನ ವಾರ ಇಬ್ಬರೂ ಹೋಗಿ ಬಂದರು.

ಎಲ್ಲರ ಬಾಗಿಲಿಗೆ ಹೋದವಳು ನಾಗೇಶನ ಬಾಗಿಲಿಗೆ ಮಾತ್ರ ಹೋಗಿರಲಿಲ್ಲ. ಹೋದರೆ ಅವನು ಆ ಕಾಗದ ತೋರಿಸುತ್ತಾನೆ, ಅದರಲ್ಲಿರುವುದು ಅವಳದೇ ಹೆಬ್ಬೆಟ್ಟು. ತಾನಾಗಿ ಹೋಗಿ ನಿಲ್ಲುವ ಹಾಗಿರಲಿಲ್ಲ. ಅವರೇ ಕರೆಯಬೇಕಿತ್ತು. ನಾಲ್ಕು ವರ್ಷಕ್ಕೆ ಕರೆದರು.

ಶುಕ್ರವಾರ ಬೆಳಗ್ಗೆ ಮುನಿಲಕ್ಷ್ಮಿಯ ಮನೆಯ ಮುಂದೆ ನೀಲಿ ಟಾರ್ಪಾಲು ಕಟ್ಟಿ, ಕೆಳಗೆ ಜಮಖಾನೆ ಹಾಸಿದ್ದರು. ಮೂವತ್ತು ನಲವತ್ತು ಜನ. ಕೋದಂಡಪ್ಪ ಕುರ್ಚಿಯಲ್ಲಿ ಕೂತು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ನರಸಮ್ಮನನ್ನು ಕಂಡು ಕನ್ನಡಕ ತೆಗೆದು ಒರೆಸಿದ. ನಾಗೇಶ ಬಿಳಿ ಷರಟಿನಲ್ಲಿ, ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಗಂಡಸರ ನಡುವೆ ಕೂತಿದ್ದ. ಅತ್ತೆಯನ್ನು ನೋಡಿ ಅರ್ಧ ಎದ್ದು ಮತ್ತೆ ಕೂತ.

ಕಳಶದ ಮುಂದೆ ದೀಪ ಹಚ್ಚಿದರು. ನರಸಮ್ಮ ತಂದಿದ್ದ ಹಸಿರು ಸೀರೆಯನ್ನು ಕಳಶಕ್ಕೆ ಮುಟ್ಟಿಸಿ, ಕವಿತಳ ಮಡಿಲಿಗೆ ಹಾಕಿ, ಮೇಲೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದಳು. ಒಂದೂ ತಪ್ಪಿಸಲಿಲ್ಲ. ಹುಡುಗಿಯ ಕೈ ಮುಟ್ಟಿ ನೋಡಿದಳು, ಬಟ್ಟೆ ಅಳೆದು ಕತ್ತರಿಸಿ ಬೆರಳಲ್ಲಿ ಜಡ್ಡು ಬಿದ್ದಿತ್ತು. ಅಂಬಿಕಳ ಬೆರಳಲ್ಲೂ ಅಲ್ಲೇ ಇತ್ತು.

"ಕಾಲಿಗೆ ಬೀಳಮ್ಮ," ಅಂದಳು ವರಲಕ್ಷ್ಮಮ್ಮ. "ಇನ್ಮೇಲೆ ಇವ್ರೇ ನಿಮ್ಮಮ್ಮ. ಇವ್ರ ಮನೇನೇ ನಿನ್ನ ತೌರು."

"ಇನ್ನೊಂದ್ಸಲ ಏಳಿ ಬೀಗಿತಿ," ಅಂದಳು ನರಸಮ್ಮ. "ಇಂದ್ಗಡೆ ಕೂತಿರೋರ್ಗೆ ಕೇಳಿಸ್ಲಿಲ್ಲ."

ವರಲಕ್ಷ್ಮಮ್ಮ ಸಂತೋಷದಲ್ಲೇ ಇನ್ನೊಂದು ಸಲ, ಜೋರಾಗಿ ಹೇಳಿದಳು. ಹಿಂದಿನವರು ತಲೆಯಾಡಿಸಿದರು. ನರಸಮ್ಮ ಕವಿತಳನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು ಕೋದಂಡಪ್ಪನ ಕಡೆ ತಿರುಗಿದಳು.

"ಸ್ವಾಮಿ, ಎಣ್ಣಿನ ತಾಯಿ ಒಪ್ಪದೆ ಲಗ್ನಪತ್ರಿಕೆ ಬರೀಬೌದಾ?"

"ಎಲ್ಲಾದರೂ ಉಂಟೇನಮ್ಮ. ತಾಯಿ ಒಪ್ಪಬೇಕು."

"ಅಂಗಾದ್ರೆ ಪೆನ್ನು ಮುಚ್ಚಿ. ಇವ್ಳು ನನ್ ಮಗಳು ಅಂತ ನಲವತ್ತು ಜನದ ಮುಂದೆ ಎಲ್ಡು ಸಲ ಏಳವ್ರೆ. ನನ್ ಮಗಳ್ನ ಈ ಮನೆಗೆ ಕೊಡಲ್ಲ. ಒಂದ್ಸಲ ಕೊಟ್ಟಿದ್ದೆ."

ಟಾರ್ಪಾಲಿನ ಕೆಳಗೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಶಾಸ್ತ್ರಕ್ಕೆ ಕರೆದರೆ ಹೀಗಾ ಮಾಡುವುದು ಅಂತ ಒಬ್ಬರು, ಮಾತಂತೂ ಸರಿಯಾಗೇ ಇದೆ ಅಂತ ಇನ್ನೊಬ್ಬರು. ನರಸಮ್ಮ ಸದ್ದು ಇಳಿಯುವ ತನಕ ಕಾದಳು. ಇಳಿದ ಮೇಲೆ, ಮೊಸರಿನ ಲೆಕ್ಕ ಹೇಳುವವಳ ಹಾಗೆ, ಪ್ಲಾಟ್‌ಫಾರಂ ಮೇಲಿನದನ್ನೆಲ್ಲ ಒಂದೊಂದಾಗಿ ಹೇಳಿದಳು. ಡಬ್ಬಿ ಉರುಳಿದ್ದು, ಬಾಚಣಿಗೆ, ತಿಂಗಳ ಬಟ್ಟೆ, ಅವನು ಕಾಲಲ್ಲಿ ಕೆದಕಿದ್ದು.

ನಾಗೇಶ ಎದ್ದು ನಿಂತ. "ಸುಳ್ಳು. ಒಟ್ಟೆನೋವು ತಡೀಲಾರ್ದೆ ಸತ್ಳು ಅಂತ ಸ್ಟೇಷನ್ನಲ್ಲಿ ಕಾಗದ ಐತೆ. ಇದೇ ಅಮ್ಮನ ಎಬ್ಬೆಟ್ಟೈತೆ. ಬೇಕಾದ್ರೆ ಬರೆದೋರೇ ಇಲ್ಲವ್ರೆ, ಕೇಳಿ."

ಎಲ್ಲರೂ ಕೋದಂಡಪ್ಪನನ್ನು ನೋಡಿದರು. ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ನರಸಮ್ಮನದು ಸುಳ್ಳು ಅಂತ ಅವನು ಅಂದಿದ್ದರೆ ಅವಳಿಗೆ ಮಾಡುವುದಕ್ಕೆ ಏನೂ ಇರಲಿಲ್ಲ. ನಾಲ್ಕು ವರ್ಷ ಅವಳು ಕೂಡಿಟ್ಟದ್ದೆಲ್ಲ ಆ ಮುಚ್ಚಳದ ಕೆಳಗಿತ್ತು.

"ಬರೆದವನು ನಾನು," ಅಂದ ಕೋದಂಡಪ್ಪ. "ಹೊಟ್ಟೆನೋವು ಅಂತ ಬರೀರಿ ಅಂದವನು ನೀನು ನಾಗೇಶ, ಆಸ್ಪತ್ರೆ ಗೇಟಿನ ಹತ್ತಿರ. ಈಯಮ್ಮನಿಗೆ ನಾನು ಓದಿ ಹೇಳಲಿಲ್ಲ. ಹೆಣ ಬಿಡಿಸಿಕೊಳ್ಳೋ ಕಾಗದ ಅಂದೆ. ಅದು ನನ್ನ ತಪ್ಪು." ಅವನು ಅರಿಶಿನದ ಹಾಳೆಯನ್ನು ಎರಡಾಗಿ ಮಡಿಸಿ ಜೇಬಿಗೆ ಹಾಕಿಕೊಂಡ.

ಅಷ್ಟು ಹೊತ್ತು ತಲೆ ಬಗ್ಗಿಸಿ ಕೂತಿದ್ದ ಕವಿತ ಆಗ ಬಾಯಿ ತೆರೆದಳು. ನಾಗೇಶನನ್ನೇ ನೋಡಿ ಕೇಳಿದಳು. "ಬ್ಯಾಗು ಸುರಿದಿದ್ದು ಹೌದಾ?"

"ಅದು ಗಂಡ ಎಂಡ್ತಿ ವಿಷ್ಯ," ಅಂದ ಅವನು. "ನಿನಗ್ಯಾಕೆ?"

ಕವಿತ ಗಂಡಿನ ಕಡೆಯವರು ತಂದಿದ್ದ ಸೀರೆಯ ತಟ್ಟೆಯನ್ನು ಎರಡು ಕೈಯಲ್ಲಿ ತಳ್ಳಿದಳು. ಅದು ಜಮಖಾನೆಯ ಮೇಲೆ ಜಾರಿ ವರಲಕ್ಷ್ಮಮ್ಮನ ಮೊಣಕಾಲಿಗೆ ತಾಗಿ ನಿಂತಿತು. ಮಡಿಲಿನ ಹಸಿರು ಸೀರೆಯನ್ನು ಅವಳು ತೆಗೆಯಲಿಲ್ಲ.

ಮುನಿಲಕ್ಷ್ಮಿ ಎದೆ ಬಡಿದುಕೊಂಡು ಅತ್ತಳು. ಅವಳು ಬೈದದ್ದು ನಾಗೇಶನನ್ನಲ್ಲ, ನರಸಮ್ಮನನ್ನು. ಎಷ್ಟು ಕಷ್ಟಪಟ್ಟು ಗೊತ್ತು ಮಾಡಿದ್ದೆ, ಮನೆ ಹೊಕ್ಕು ಕೆಡಿಸಿದೆಯಲ್ಲ ಅಂತ. ನರಸಮ್ಮ ಎಲ್ಲ ಕೇಳಿಸಿಕೊಂಡಳು.

"ಬೈಯಮ್ಮ," ಅಂದಳು. "ಬೈಯೋಕಾದ್ರೂ ಮಗಳು ಪಕ್ಕದಾಗವ್ಳಲ್ಲ."

ಹೊರಡುವಾಗ ಅವಳು ನಾಗೇಶನ ಮುಂದೆ ನಿಂತಳು. ಅವನ ಮುಖ ಕ್ಷೌರ ಮಾಡಿದ್ದಕ್ಕೋ ಏನೋ ಸುಲಿದ ಹಾಗೆ ಕಾಣುತ್ತಿತ್ತು. ಅದನ್ನು ಅವಳು ಕಣ್ಣು ತುಂಬ ನೋಡಿದಳು. ಅವಸರ ಮಾಡಲಿಲ್ಲ. ಆಮೇಲೆ ಹೇಳಿದಳು, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ:

"ಮದ್ವೆ ಯಾಕೆ ನಿಂತೋಯ್ತು ಅಂತ ಜನ ಕೇಳ್ತಾರೆ ಕಣಪ್ಪ. ಒಟ್ಟೆನೋವು ಅಂತ ಏಳು."

ಆ ಶನಿವಾರ, ಭಾನುವಾರ ನರಸಮ್ಮನಿಗೆ ಹಬ್ಬವಾಗಬೇಕಿತ್ತು. ಊರ ಹೆಂಗಸರು ಬಂದು ಬಂದು ಮತ್ತೆ ಮತ್ತೆ ಹೇಳಿಸಿಕೊಂಡು ನಕ್ಕರು. ಅವಳೂ ನಕ್ಕಳು. ಆದರೆ ಭಾನುವಾರ ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತವಳ ಕೈ ನಿಂತುಹೋಯಿತು. ಸಮಾಧಾನವಾಯಿತಾ ಅಂತ ಕೇಳಿದ ಸೀನಪ್ಪ. ಅವಳು ಸುಲಿದ ಕಾಳನ್ನು ಮೊರದಲ್ಲೇ ಬಿಟ್ಟು ಎದ್ದಳು.

ಸೋಮವಾರ ಬೆಳಗ್ಗೆ ಮೊಸರಿನ ಕ್ಯಾನಿಲ್ಲದೆ ಹುಣಸೆ ಮರದ ಕೆಳಗೆ ಹೋಗಿ ನಿಂತಳು. ಹೊಸ ಕಾಗದ ಬೇಕು ಅಂದಳು. ಕೋದಂಡಪ್ಪ ಏನೂ ಕೇಳದೆ ಬಿಳಿ ಹಾಳೆ ತೆಗೆದ. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ನನ್ನ ಮಗಳಿಗೆ ಹೊಟ್ಟೆನೋವು ಇರಲಿಲ್ಲ. ಅವಳ ಗಂಡ ಅನುಮಾನಪಟ್ಟು ದಿನಾ ಕಾಯುತ್ತಿದ್ದ. ಶುಕ್ರವಾರ ಎಲ್ಲರೆದುರು ಹೊಡೆದು ಬ್ಯಾಗು ಸುರಿದ. ಹೊಟ್ಟೆನೋವು ಅಂತ ಬರೆಸಿದವನೂ ಅವನೇ. ಕಣ್ಣಾರೆ ಕಂಡವಳು ಸುಮಲತ. ಬರೆದದ್ದು ನಾನು ಅಂತ ಕೋದಂಡಪ್ಪ ತನ್ನ ಹೆಸರನ್ನೂ ತಾನೇ ಸೇರಿಸಿದ.

"ಮುಗೀತಾ ಅಮ್ಮ?"

"ಇಲ್ಲ, ಬರೀರಿ. ಭಾನುವಾರ ಅವ್ಳು ನಮ್ಮನೆಗೆ ಬಂದಿದ್ಳು. ಅಮ್ಮ, ನಾಲ್ಕು ದಿನ ಇಲ್ಲೇ ಇರ್ತೀನಿ ಅಂದ್ಳು. ಕೆನ್ನೆ ಊದಿತ್ತು. ಅಲ್ಲುನೋವಾ ಅಂದೆ. ಹೂಂ ಅಂದ್ಳು. ನಿಮ್ಮತ್ತೆ ಏನಂದ್ಕೊಂತಾರೆ, ಈಗ ಓಗಿ ಅಬ್ಬಕ್ಕೆ ಬಾ ಅಂತ, ಸುಲಿದ ಅವರೆಕಾಳು ಕೊಟ್ಟು ಬಸ್ಸು ಅತ್ತಿಸ್ದೆ."

ಕೋದಂಡಪ್ಪ ಪೆನ್ನು ಎತ್ತಿ ಹಿಡಿದ. "ಇದು ಬೇಡಮ್ಮ. ಇದರಿಂದ ಏನಾಗಬೇಕಿದೆ? ನಿಮ್ಮ ಮೇಲೆ ನೀವೇ ಬರೆಸಿಕೊಂಡ ಹಾಗಾಗುತ್ತೆ."

"ಅವನ್ನ ಬುಡ್ಲಿಲ್ಲ. ನಿಮ್ಮನ್ನೂ ಬುಡ್ಲಿಲ್ಲ. ನನ್ನನ್ಯಾಕೆ ಬುಡ್ಬೇಕು? ಬರೀರಿ."

ಅವನು ಬರೆದ. ಓದಿ ಅಂದಳು, ಓದಿದ. ಇನ್ನೊಂದು ಸಲ ಅಂದಳು. ಎರಡನೇ ಸಲ ಅವರೆಕಾಳಿನ ಸಾಲಿಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ತಾನೇ ಹೆಬ್ಬೆಟ್ಟನ್ನು ಶಾಯಿ ಡಬ್ಬಿಗೆ ಒತ್ತಿ, ತಾನೇ ಹಾಳೆಗೆ ಒತ್ತಿದಳು. ಗೆರೆ ಗೆರೆಯೂ ಬಿದ್ದಿತು.

ಸ್ಟೇಷನ್ನಿನ ಬಾಗಿಲಲ್ಲಿದ್ದ ಪೊಲೀಸಿನವನು ಇದು ಹಳೇ ಕೇಸು, ಮುಗಿದುಹೋಗಿದೆ, ಸಾಹೇಬರು ಬರುವುದು ಮಧ್ಯಾಹ್ನದ ಮೇಲೆ ಅಂದ. ಪರವಾಗಿಲ್ಲ ಅಂತ ನರಸಮ್ಮ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಬಿಸಿಲು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಯಿತು. ಅವಳೂ ಬಿಸಿಲು ಬಿಟ್ಟು ನೆರಳಿಗೆ ಸರಿಯುತ್ತ ಹೋದಳು. ಕೊನೆಗೆ ಸಾಹೇಬರು ಬಂದು ಜೀಪಿನಿಂದ ಇಳಿಯುತ್ತ, ಏನಮ್ಮ, ಏನಾಗಬೇಕು ಅಂತ ಕೇಳಿದರು.

ಒಂದು ಚೊಂಬು ನೀರು ಅಂದಳು ನರಸಮ್ಮ. ತಂದುಕೊಟ್ಟರು. ನಿಧಾನವಾಗಿ ಕುಡಿದು, ಚೊಂಬು ಕೆಳಗಿಟ್ಟು, ಕಾಗದ ಬಿಚ್ಚಿದಳು.

"ನನ್ ಮಗಳ್ಗೆ ಒಟ್ಟೆನೋವು ಇರ್ಲಿಲ್ಲ ಸ್ವಾಮಿ. ಅದನ್ನ ಏಳೋಕೆ ಬಂದೆ."